ಗುಳಿಗೆ ನುಂಗುವ ಮೊದಲು ಮೊಣಕಾಲಿನ ನೀರು ತೆಗೆಸಬೇಕಿತ್ತು

ಮೊಣಕಾಲು ಬದಲಿಸುವ ಆಪರೇಶನ್ ಆಗಿ ಹನ್ನೊಂದನೇ ದಿನ ಪಟ್ಟಿಯ ಮೇಲೆ ಜೋಳದ ಕಾಳಿನಷ್ಟು ಒದ್ದೆ ಕಂಡಿತು. ಕೀವಲ್ಲ, ರಕ್ತವೂ ಅಲ್ಲ, ತಿಳಿ ಹಳದಿ ನೀರು. ಹೆಂಡತಿ ನೋಡಿ, "ಹುಬ್ಬಳ್ಳಿಗೆ ಫೋನ್ ಹಚ್ಚರಿ" ಅಂದಳು. ನಾನು ಹಚ್ಚಲಿಲ್ಲ. ಇಷ್ಟಕ್ಕೆಲ್ಲ ದೊಡ್ಡ ಡಾಕ್ಟರಿಗೆ ಸುಮ್ನೆ ಯಾಕೆ ತೊಂದರೆ ಅಂದುಕೊಂಡೆ. ಗದುಗಿನಲ್ಲೇ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಐದು ದಿನದ ಆ್ಯಂಟಿಬಯಾಟಿಕ್ ಗುಳಿಗೆ ಬರೆದುಕೊಟ್ಟರು. ಒದ್ದೆ ನಿಂತಿತು. ಗೆದ್ದೆ ಅಂದುಕೊಂಡೆ.

ಹದಿನೈದು ದಿನಕ್ಕೆ ಮತ್ತೆ ಸೋರಿತು. ಮತ್ತೆ ಗುಳಿಗೆ. ಮತ್ತೆ ನಿಂತಿತು. ಹೀಗೆ ಮೂರು ಸಲ. ನನ್ನ ಕಥೆಯ ದೊಡ್ಡ ತಪ್ಪು ಇದೇ. ಆವಾಗ ಅದು ಜಾಣತನ ಅನ್ನಿಸಿತ್ತು.

ನಾನು ಮೂವತ್ತಮೂರು ವರ್ಷ ಗಣಿತ ಕಲಿಸಿದವನು. ಹಲಗೆಯ ಮುಂದೆ ನಿಂತು ನಿಂತು ಬಲ ಮೊಣಕಾಲು ಸವೆದಿತ್ತು. ಹನ್ನೆರಡು ವರ್ಷದಿಂದ ಶುಗರ್ ಬೇರೆ. ಆಪರೇಶನ್ನಿಗೆ ಮೊದಲು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಮಾಡಿದರು. 8.9 ಬಂತು. ಡಾಕ್ಟರು, "ಮಾಸ್ತರ್ರ, ಇದನ್ನ ಎಂಟರ ಕೆಳಗ ತರ್ರಿ, ಆಮ್ಯಾಲೆ ನೋಡೋಣು" ಅಂದಿದ್ದರು. ಮೇ ತಿಂಗಳಲ್ಲಿ ಮಗಳ ಮದುವೆ ಇತ್ತು. ಅಷ್ಟರಲ್ಲಿ ನಡೆದಾಡಬೇಕು ಅಂತ ಹಟ ಹಿಡಿದವನು ನಾನೇ. 2022ರ ಜನವರಿಯಲ್ಲಿ ಮೊಣಕಾಲು ಬದಲಾಯಿಸಿಕೊಂಡೆ. ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡಬೇಕು ಅಲ್ವಾ?

ಮಾರ್ಚ್ ಕೊನೆಯ ಹೊತ್ತಿಗೆ ಸೋರಿಕೆ ಪೂರ್ತಿ ನಿಂತಿತ್ತು. ಆದರೆ ನೋವು ಜಾಸ್ತಿಯಾಯಿತು. ನಡೆದಾಗಿನ ನೋವಲ್ಲ, ರಾತ್ರಿ ಮಲಗಿದಾಗಿನ ನೋವು. ಹೆಂಡತಿ ದಿನಾ ರಾತ್ರಿ ಮಕ್ಕಳ ಜ್ವರ ನೋಡುವಂತೆ ಅಂಗೈ ತಿರುಗಿಸಿ, ಎರಡೂ ಮೊಣಕಾಲು ಮುಟ್ಟಿ ನೋಡುತ್ತಿದ್ದಳು. "ಬಲಗಾಲು ಬಿಸಿ ಅದರಿ" ಅನ್ನುತ್ತಿದ್ದಳು. ಹೊಸ ಮೊಣಕಾಲು ಕೆಲವು ತಿಂಗಳು ಬೆಚ್ಚಗಿರುವುದು ಸಹಜ. ಆದರೆ ಆ ಬಿಸಿ ದಿನ ಕಳೆದಂತೆ ಇಳಿಯಬೇಕು. ನನ್ನದು ಏರುತ್ತಿತ್ತು. ಜ್ವರ ಒಂದು ದಿನವೂ ಬರಲಿಲ್ಲ. ನಂಜಾದರೆ ಜ್ವರ ಬಂದೇ ಬರುತ್ತದೆ ಅಂತ ನಾನು ನಂಬಿದ್ದೆ. ಹಾಗೇನಿಲ್ಲ. ನಿಧಾನವಾಗಿ ಬೆಳೆಯುವ ನಂಜು ಸದ್ದಿಲ್ಲದೆ ಕೂತಿರುತ್ತದೆ. ಎಕ್ಸ್‌ರೇಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ನನ್ನ ಹಳೇ ವಿದ್ಯಾರ್ಥಿಯೊಬ್ಬ ಲ್ಯಾಬಿನಲ್ಲಿದ್ದಾನೆ. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಿ ಅಂದವನು ಅವನೇ. 58 ಬಂತು. ಅವನ ಲ್ಯಾಬಿನಲ್ಲಿ 5ರ ಒಳಗಿದ್ದರೆ ಸರಿ. "ಸರ, ಇದು ಆಪರೇಶನ್ ಆದ ಎರಡ ಮೂರ ದಿನಕ್ಕ ಏರತೈತ್ರಿ, ಆಮ್ಯಾಲೆ ವಾರ ವಾರ ಇಳೀತೈತಿ. ಮೂರ ತಿಂಗಳಿಗೆ ಇಷ್ಟ ಇರಬಾರದ್ರಿ" ಅಂದ. ಅವತ್ತೇ ನೂರು ಪುಟದ ನೋಟ್‌ಬುಕ್ ಒಂದು ತಂದೆ. ಎಡಪುಟದಲ್ಲಿ ದಿನಾಂಕ, ಸಿಆರ್‌ಪಿ, ಉರಿಯೂತ ತೋರಿಸುವ ಇನ್ನೊಂದು ರಕ್ತಪರೀಕ್ಷೆ ಇಎಸ್‌ಆರ್, ಶುಗರ್. ಬಲಪುಟಕ್ಕೆ ಗ್ರಾಫ್ ಹಾಳೆ ಅಂಟಿಸಿದೆ. ಒಂದು ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ, ಗೆರೆ ಯಾವ ಕಡೆ ಹೊರಟಿದೆ ಅನ್ನುವುದೇ ಮುಖ್ಯ. ಮಕ್ಕಳಿಗೆ ಅಷ್ಟು ವರ್ಷ ಹೇಳಿದ್ದನ್ನು ನನ್ನ ಕಾಲಿಗೇ ಕಲಿಯಬೇಕಾಯಿತು.

ಹುಬ್ಬಳ್ಳಿಯಲ್ಲಿ ಬೇರೊಬ್ಬ ಸರ್ಜನ್ ಹತ್ತಿರ ಹೋದೆ. ಅವರು ಗುಳಿಗೆ ಬರೆಯಲಿಲ್ಲ. ನಾನು ನುಂಗುತ್ತಿದ್ದ ಆ್ಯಂಟಿಬಯಾಟಿಕ್ಕನ್ನೂ ನಿಲ್ಲಿಸಿದರು. "ಎರಡ ವಾರ ಏನೂ ನುಂಗಬ್ಯಾಡ್ರಿ. ಆಮ್ಯಾಲೆ ಸೂಜಿ ಹಾಕಿ ಒಳಗಿನ ನೀರು ತಗೀತೀನಿ. ನಡಕ ಚಳಿಜ್ವರ ಬಂದ್ರ, ತಲಿ ತಿರುಗಿದ್ರ ಅವತ್ತ ಬರ್ರಿ" ಅಂದರು. ಗುಳಿಗೆ ನಡೆಯುತ್ತಿರುವಾಗ ನೀರು ತೆಗೆದರೆ ಅದರಲ್ಲಿ ರೋಗಾಣು ಬೆಳೆಯದೆ ಹೋಗಬಹುದು. ರೋಗಾಣು ಯಾವುದು ಅಂತ ಗೊತ್ತಾಗದಿದ್ದರೆ ಯಾವ ಔಷಧಿ ಅಂತಲೂ ಗೊತ್ತಾಗುವುದಿಲ್ಲ. ನಾನು ಮೂರು ಸಲ ನುಂಗಿದ ಗುಳಿಗೆ ಕಳ್ಳನನ್ನು ಓಡಿಸಿರಲಿಲ್ಲ, ಮಂಚದ ಕೆಳಗೆ ಅಡಗಿಸಿತ್ತು.

ಏಪ್ರಿಲ್‌ನಲ್ಲಿ ನೀರು ತೆಗೆದರು. ಮಜ್ಜಿಗೆ ಬೆರೆಸಿದಂತೆ ಮಬ್ಬಾಗಿತ್ತು. ಬಿಳಿ ರಕ್ತಕಣ 28,000. ಬದಲಿಸಿದ ಮೊಣಕಾಲಿನಲ್ಲಿ ಇಷ್ಟು ತಿಂಗಳಾದ ಮೇಲೆ 3,000 ದಾಟಿದರೇ ಅನುಮಾನಪಡುತ್ತಾರಂತೆ. ಆ ನೀರಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ, ಕಲ್ಚರ್, ಅದನ್ನು ಎರಡು ವಾರ ಇಟ್ಟು ನೋಡಿದರು. ಕೆಲವು ರೋಗಾಣು ಅಷ್ಟು ನಿಧಾನ. ನನ್ನಲ್ಲಿ ಬೆಳೆದದ್ದು ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್. ಎಲ್ಲರ ಚರ್ಮದ ಮೇಲೂ ಇರುವ ಬಡಪಾಯಿ ಜೀವಿ. ಚರ್ಮದ ಮೇಲಿದ್ದರೆ ಏನೂ ಮಾಡುವುದಿಲ್ಲ. ಲೋಹದ ಮೇಲೆ ಕೂತರೆ ಬಿಡುವುದಿಲ್ಲ.

ಯಾಕೆ ಬಿಡುವುದಿಲ್ಲ ಅನ್ನುವುದು ನಮ್ಮ ಗದಗ-ಬೆಟಗೇರಿಯವರಿಗೆ ಬೇಗ ತಿಳಿಯುತ್ತದೆ. ನಲ್ಲಿ ನೀರು ಬರುವುದು ಯಾವಾಗಲೋ ಒಮ್ಮೆ, ಹಾಗಾಗಿ ತೊಟ್ಟಿಯಲ್ಲಿ ತುಂಬಿಡುತ್ತೇವೆ. ಕೆಲವು ದಿನಕ್ಕೆ ತೊಟ್ಟಿಯ ಗೋಡೆಗೆ ಲೋಳೆ ಹಿಡಿಯುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೆ ನೀರು ಶುದ್ಧವಾಗುತ್ತದೆ, ಲೋಳೆ ಹೋಗುವುದಿಲ್ಲ. ತೊಟ್ಟಿ ಖಾಲಿ ಮಾಡಿ ತಿಕ್ಕಬೇಕು. ಮೊಣಕಾಲಿನ ಲೋಹ, ಪ್ಲಾಸ್ಟಿಕ್ಕಿನ ಮೇಲೂ ರೋಗಾಣು ಅಂಥದೇ ಲೋಳೆ ಕಟ್ಟಿಕೊಂಡು ಅದರೊಳಗೆ ಕೂರುತ್ತದೆ. ಗುಳಿಗೆ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ.

ನಂಜು ಶುರುವಾಗಿ ಕೆಲವೇ ವಾರವಾಗಿದ್ದರೆ ಮೊಣಕಾಲು ತೆರೆದು ಚೆನ್ನಾಗಿ ತೊಳೆದು, ನಡುವಿನ ಪ್ಲಾಸ್ಟಿಕ್ ಮಾತ್ರ ಬದಲಿಸಿ, ಲೋಹ ಉಳಿಸಿಕೊಳ್ಳುವ ದಾರಿ ಇತ್ತಂತೆ. ನನ್ನ ಮಟ್ಟಿಗೆ ಆ ಬಾಗಿಲು ಫೆಬ್ರುವರಿಯಲ್ಲೇ ಮುಚ್ಚಿತ್ತು. ಈಗ ಎಲ್ಲ ಕೀಳಬೇಕು, ಔಷಧಿ ಬೆರೆಸಿದ ಸಿಮೆಂಟಿನ ತುಂಡು ಇಡಬೇಕು, ಆರು ವಾರ ಸೂಜಿ ಮದ್ದು, ಆಮೇಲೆ ಮತ್ತೊಂದು ಹೊಸ ಮೊಣಕಾಲು. ಕೇಳಿದ ದಿನ ವಾಪಸ್ ಬರುವಾಗ ಅಣ್ಣಿಗೇರಿ ದಾಟುವವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಮೇ ಮೊದಲ ವಾರ ಕಿತ್ತರು. ವ್ಯಾಂಕೊಮೈಸಿನ್, ಜೆಂಟಾಮೈಸಿನ್ ಬೆರೆಸಿದ ಸಿಮೆಂಟ್ ಇಟ್ಟರು. ಅದು ಮಡಚುವುದಿಲ್ಲ. ಕಾಲು ಒನಕೆಯಂತೆ ನೆಟ್ಟಗೆ, ತೊಡೆಯಿಂದ ಮೀನಖಂಡದವರೆಗೆ ಬ್ರೇಸ್. ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸಿ ವಾಕರ್ ಹಿಡಿದು ಹೋಗಬೇಕು. ತೋಳಿನಿಂದ ಎದೆಯವರೆಗೆ ಹೋಗುವ ಸಣ್ಣ ನಳಿಕೆ, ಪಿಕ್ ಲೈನ್, ಹಾಕಿ ಮನೆಗೆ ಕಳಿಸಿದರು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ನರ್ಸ್ ಮನೆಗೆ ಬಂದು ವ್ಯಾಂಕೊಮೈಸಿನ್ ಸಲಾಯಿನ್ ಹಚ್ಚುತ್ತಿದ್ದರು. ಒಂದು ದಿನ ಅವಸರದಲ್ಲಿ ಜೋರಾಗಿ ಬಿಟ್ಟುಬಿಟ್ಟರು. ಮುಖ, ಕುತ್ತಿಗೆ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಕೆಂಪಾಗಿ ತುರಿಕೆ ಹತ್ತಿತು. ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿದೆವು. ಇದನ್ನು ಒಂದು ಗಂಟೆಗಿಂತ ಬೇಗ ಬಿಡಲೇಬಾರದು ಅಂದರು. ಅಂದಿನಿಂದ ಗೋಡೆ ಗಡಿಯಾರದ ಕೆಳಗೆ ಮಂಚ ಎಳೆದುಕೊಂಡು ಹನಿ ಎಣಿಸುವ ಕೆಲಸ ನನ್ನದಾಯಿತು. ಕಿಡ್ನಿಗೆ ಪೆಟ್ಟಾಗಬಹುದು ಅಂತ ವಾರ ವಾರ ಕ್ರಿಯಾಟಿನಿನ್ ಟೆಸ್ಟ್. ಅದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಕಾಲಂ.

ಮಗಳ ಮದುವೆ ಈ ನಡುವೆಯೇ ಆಯಿತು. ಬೆಳಗಿನ ಸಲಾಯಿನ್ ಮುಗಿಸಿ, ನಳಿಕೆ ಕಾಣದಂತೆ ತುಂಬುತೋಳಿನ ಅಂಗಿ ಹಾಕಿಕೊಂಡು ಹೋದೆ. ಒಂದು ಕುರ್ಚಿಯಲ್ಲಿ ನಾನು, ಎದುರಿನ ಕುರ್ಚಿಯಲ್ಲಿ ನನ್ನ ಕಾಲು. ಅಕ್ಕಿಕಾಳು ಕೂತಲ್ಲಿಂದಲೇ ಹಾಕಿದೆ. ಬೀಗರ ಕಡೆಯ ಅಜ್ಜಿಯೊಬ್ಬರು ನನ್ನ ಕಾಲು ನೋಡಿ, "ಯಪ್ಪಾ, ಅರಿಷಿಣ ಬೇವಿನ ತೊಪ್ಪಲ ಅರದ್ ಹಚ್ಚಿದ್ರ ಮಾಯತಿತ್ತಲ್ಲೋ" ಅಂದರು. ಕೈ ಮುಗಿದು ಸುಮ್ಮನಾದೆ. ಸಂಜೆ ಏಳಕ್ಕೆ ಮನೆಗೆ ವಾಪಸ್.

ನಾಲ್ಕನೇ ವಾರ ರಿಫಾಂಪಿಸಿನ್ ಸೇರಿಸಿದರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿಯಾಗಬೇಡಿ ಅಂತ ಮೊದಲೇ ಹೇಳಿದ್ದರು, ಆದರೂ ಗಾಬರಿಯಾಯಿತು. ಅದು ಟಿ.ಬಿ.ಗೂ ಕೊಡುವ ಮದ್ದು. ಔಷಧಿ ಅಂಗಡಿಯವ ಚೀಟಿ ನೋಡಿ "ಮನ್ಯಾಗ ಯಾರಿಗ್ರಿ ಟಿ.ಬಿ.?" ಅಂತ ಜೋರಾಗಿ ಕೇಳಿದ. ಮಾರನೇ ದಿನ ಓಣಿಯಲ್ಲಿ ಒಂದಿಬ್ಬರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದರು. ಇದಕ್ಕಿಂತ ಮುಖ್ಯವಾದದ್ದು ಬೇರೆ ಇತ್ತು. ಈ ಗುಳಿಗೆ ಕೆಲವು ಬೇರೆ ಔಷಧಿಗಳ ಶಕ್ತಿ ಕಡಿಮೆ ಮಾಡುತ್ತದೆ. ನನ್ನ ಶುಗರ್ ಗುಳಿಗೆಯೂ ಅದರಲ್ಲಿ ಒಂದು. ಒಂದೇ ವಾರದಲ್ಲಿ ಶುಗರ್ ಏರಿದ್ದು ಗ್ರಾಫಿನಲ್ಲಿ ಕಂಡಿತು. ತೋರಿಸಿದೆ. ಇನ್ಸುಲಿನ್‌ಗೆ ಬದಲಾಯಿಸಿದರು.

ಊಟದ ಕಷ್ಟ ಬೇರೆ. ಗಾಯ ಮಾಯಲು ಪ್ರೋಟೀನ್ ಬೇಕು, ತತ್ತಿ ತಿನ್ನಿ ಅಂದರು. ನಮ್ಮ ಮನೆಗೆ ತತ್ತಿ ಬರುವುದಿಲ್ಲ. ಹೆಂಡತಿ ಅದಕ್ಕೆ ತನ್ನದೇ ಲೆಕ್ಕ ಹಾಕಿದಳು. ಬೆಳಿಗ್ಗೆ ಮೊಳಕೆ ಹೆಸರುಕಾಳು, ಮಧ್ಯಾಹ್ನ ಮಡಕಿಕಾಳು ಪಲ್ಯ, ರೊಟ್ಟಿಗೆ ಶೇಂಗಾಹಿಂಡಿ, ಎರಡು ಹೊತ್ತು ಗಟ್ಟಿ ಮೊಸರು. ಹೊಟ್ಟೆ ತೊಳಸುತ್ತಿದ್ದರೂ ನುಂಗಿದೆ. ತೊಡೆ ಸೊರಗಬಾರದು ಅಂತ ದಿನಕ್ಕೆ ನಾಲ್ಕು ಹೊತ್ತು ತೊಡೆಯ ಸ್ನಾಯು ಬಿಗಿ ಹಿಡಿದು ಬಿಡುವ ವ್ಯಾಯಾಮ. ಒಂದೊಂದು ಸಲ ಬಿಗಿ ಹಿಡಿದಾಗಲೂ ಹತ್ತೊಂಬತ್ತರ ಮಗ್ಗಿ ಪೂರ್ತಿ ಹೇಳುತ್ತಿದ್ದೆ. ಸ್ನಾನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕಾಲಿಗೂ ತೋಳಿಗೂ ಪಾಲಿಥಿನ್ ಸುತ್ತಿಕೊಂಡು. ಒಂದು ದಿನ ಕೈಜಾರಿದ ಸಾಬೂನು ತೆಗೆದುಕೊಳ್ಳಲು ಆಗದೆ ಅಲ್ಲೇ ಅತ್ತೆ. ಸಾಬೂನಿಗಾಗಿ ಅತ್ತವನು ಊರಲ್ಲಿ ನಾನೊಬ್ಬನೇ ಇರಬೇಕು.

ಕಿತ್ತ ಆಪರೇಶನ್ ಆದ ಮೇಲೆ ಏರಿದ್ದ ಸಿಆರ್‌ಪಿ 140ರಿಂದ 41, 19, 11, 6 ಹೀಗೆ ಇಳಿಯಿತು. ಇಎಸ್‌ಆರ್ ಹಟಮಾರಿ, ಅದು ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ. ಆರು ವಾರ ಮುಗಿದ ಮೇಲೆ ಎಲ್ಲ ಮದ್ದು ನಿಲ್ಲಿಸಿ ಎರಡು ವಾರ ಕಾದರು. ನನಗೆ ಅತಿ ಕಷ್ಟವಾದದ್ದು ಈ ಎರಡು ವಾರ. ಮದ್ದಿಲ್ಲದೆ ಗೆರೆ ಮೇಲೇಳುತ್ತದೋ ಇಲ್ಲವೋ ಅನ್ನುವುದೇ ಪರೀಕ್ಷೆ. ಸಿಆರ್‌ಪಿ 4 ಬಂತು. ಸೂಜಿಯಿಂದ ತೆಗೆದ ನೀರಿನಲ್ಲೂ ಏನೂ ಬೆಳೆಯಲಿಲ್ಲ. ಎಚ್‌ಬಿಎ1ಸಿ 7.1ಕ್ಕೆ ಬಂದಿತ್ತು. ಜುಲೈ ಕೊನೆಗೆ ಹೊಸ ಮೊಣಕಾಲು ಹಾಕಿದರು. ಆಪರೇಶನ್ ಟೇಬಲ್ ಮೇಲೆಯೇ ಐದು ಕಡೆಯಿಂದ ಮಾಂಸದ ಚೂರು ತೆಗೆದು ಕಲ್ಚರ್‌ಗೆ ಕಳಿಸಿದರು. ಅದರಲ್ಲೂ ಏನೂ ಇರಲಿಲ್ಲ.

ಈಗ 95 ಡಿಗ್ರಿ ಮಡಚುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಲಾರೆ, ಜಾತ್ರೆಯ ಪ್ರಸಾದಕ್ಕೂ ಕುರ್ಚಿ ಕೇಳುತ್ತೇನೆ. ಹುಬ್ಬಳ್ಳಿಗೆ ರೈಲಿನಲ್ಲೇ ಹೋಗಿ ಬರುತ್ತೇನೆ. ಹಿಮ್ಮಡಿ ಒಡಕಿಗೆ ದಿನಾ ರಾತ್ರಿ ಎಣ್ಣೆ ಹಚ್ಚುತ್ತೇನೆ. ಆ ಬಿರುಕಿನಿಂದಲೂ ರೋಗಾಣು ರಕ್ತಕ್ಕೆ ಇಳಿದು ಮೊಣಕಾಲಿಗೆ ಹೋಗಬಹುದು.

ಹೋದ ತಿಂಗಳು ದವಡೆಹಲ್ಲು ಕೀಳಿಸಬೇಕಾಯಿತು. ದಂತವೈದ್ಯರ ಟೇಬಲ್ ಮೇಲೆ ಮೊದಲು ಮೊಣಕಾಲಿನ ಫೈಲ್ ಇಟ್ಟೆ. ಅವರು ನನ್ನ ಸರ್ಜನ್‌ಗೆ ಅಲ್ಲಿಂದಲೇ ಫೋನ್ ಮಾಡಿ ಮಾತಾಡಿದರು. ಹಲ್ಲು ಕಿತ್ತ ಎಂಟನೇ ದಿನ ಸಿಆರ್‌ಪಿ ಮಾಡಿಸಿದೆ. ಯಾರೂ ಮಾಡಿಸಿ ಅಂದಿರಲಿಲ್ಲ. ಹಳೇ ವಿದ್ಯಾರ್ಥಿ ರಿಪೋರ್ಟ್ ಕೊಡುತ್ತಾ, "ಸರ, ನೋಟ್‌ಬುಕ್ಕಿನ್ಯಾಗ ಇನ್ನ ಎಷ್ಟ ಪುಟ ಉಳದಾವರಿ?" ಅಂತ ನಕ್ಕ. ಎಣಿಸಿದೆ. ಅರವತ್ತೆರಡು.