ನನ್ನ ಸುಂಡಿಲಿಗಳಿಗೆ ನಾನು ಕೊಡುವ ಕಡ್ಡಿಗಳು

ಚುಕ್ಕಿ, ಮಲ್ಲಿ, ಬೂದಿ ಅಂತ ಮೂರು ಹೆಣ್ಣು ಸುಂಡಿಲಿಗಳನ್ನು ಮನೆಗೆ ತಂದಾಗ ಪಂಜರದ ತಳಕ್ಕೆ ಸೀಡರ್ ಮರದ ಹೊಟ್ಟು ಹಾಸಿದ್ದೆ. ಕಡಿಯಲಿ ಅಂತ ಅದೇ ಮರದ ಒಂದು ತುಂಡನ್ನೂ ಇಟ್ಟಿದ್ದೆ. ಘಮ್ಮನೆ ವಾಸನೆ ಬರುತ್ತಿತ್ತು, ಪಂಜರ ನಾರುತ್ತಿರಲಿಲ್ಲ. ನಾಲ್ಕೈದು ದಿನಕ್ಕೆ ಚುಕ್ಕಿ ಸೀನತೊಡಗಿದಳು. ರಾತ್ರಿ ಕಿವಿಗೊಟ್ಟರೆ ಅವಳ ಉಸಿರಿನ ಜೊತೆ ಸಣ್ಣಗೆ ಟಿಕ್ ಟಿಕ್ ಅನ್ನುವ ಸದ್ದು. ಪಶುವೈದ್ಯರು ಮೊದಲು ಕೇಳಿದ್ದೇ, “ತಳಕ್ಕೆ ಯಾವ ಮರದ ಹೊಟ್ಟು ಹಾಕಿದ್ದೀರಿ?” ಅಂತ. ಎಲ್ಲ ತೆಗೆದು ಕಾಗದದ ಚೂರು ಹಾಸಿದೆ. ಒಂದು ವಾರದಲ್ಲಿ ಸೀನು ನಿಂತಿತು. ಅವಳು ಪಟ್ಟ ಕಷ್ಟ ನೆನೆದರೆ ಈಗಲೂ ಸಂಕಟವಾಗುತ್ತದೆ.

ನನಗೆ ಹಿಡಿಸಿದ್ದ ಆ ವಾಸನೆಯೇ ತೊಂದರೆ ಮಾಡಿತ್ತು. ಸೀಡರ್ ಮತ್ತು ಹಸಿ ಪೈನ್ ಮರದಿಂದ ಹೊರಬರುವ ಎಣ್ಣೆಯಂಶ ಇಲಿಗಳ ಮೂಗು, ಶ್ವಾಸಕೋಶವನ್ನು ಕೆರಳಿಸುತ್ತದೆ. ಲಿವರ್ ಮೇಲೂ ಅದರ ಪರಿಣಾಮವಿದೆ. 1967ರಲ್ಲೇ ಪ್ರಯೋಗಾಲಯದ ಇಲಿಗಳಲ್ಲಿ ಇದು ಕಂಡುಬಂದಿತ್ತು. ಸೀಡರ್ ಹೊಟ್ಟಿನ ಮೇಲಿದ್ದ ಇಲಿಗಳು ನಿದ್ದೆಯ ಮದ್ದು ಕೊಟ್ಟರೂ ಬೇಗ ಎಚ್ಚರವಾಗುತ್ತಿದ್ದವು. ಲಿವರ್‌ನಲ್ಲಿ ಕಿಣ್ವಗಳು ಹೆಚ್ಚಾಗಿ ಮದ್ದನ್ನು ಬೇಗ ಮುಗಿಸಿಬಿಡುತ್ತಿದ್ದವು.

ಅಲ್ಲಿಂದ ನನ್ನದು ಒಂದೇ ನಿಯಮ. ಯಾವ ಮರದ್ದು ಅಂತ ಗೊತ್ತಿಲ್ಲದ ಕಡ್ಡಿ ಪಂಜರದೊಳಗೆ ಹೋಗುವುದಿಲ್ಲ.

ಈಗ ಕೊಡುವುದು ಸೇಬು, ಪಿಯರ್, ವಿಲ್ಲೋ, ಹೇಜಲ್ ಮರಗಳ ಕಡ್ಡಿ. ಆಸ್ಪೆನ್ ತುಂಡು ಸಿಕ್ಕರೆ ಅದೂ ಸರಿ. ಸೇಬಿನ ಕಡ್ಡಿ ಸರಿ ಅಂದಮೇಲೆ ಹಣ್ಣಿನ ಮರಗಳೆಲ್ಲ ಸರಿ ಅಂದುಕೊಂಡು ಒಮ್ಮೆ ಚೆರ್ರಿ ಕಡ್ಡಿಯನ್ನೂ ಕತ್ತರಿಸಿ ಇಟ್ಟಿದ್ದೆ. ಕೊಡುವ ಮೊದಲು ಓದಿ ನೋಡಿದ್ದು ಒಳ್ಳೆಯದಾಯಿತು. ಚೆರ್ರಿ, ಪ್ಲಮ್, ಪೀಚ್, ಏಪ್ರಿಕಾಟ್ ಹೀಗೆ ಒಳಗೆ ಗಟ್ಟಿ ಓಟೆ ಇರುವ ಹಣ್ಣಿನ ಮರಗಳ ತೊಗಟೆ, ಎಲೆಗಳನ್ನು ಕಡಿದಾಗ ಸೈನೈಡ್ ಬಿಡುಗಡೆಯಾಗುತ್ತದೆ. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಜೀವ ಅದನ್ನು ಎಷ್ಟು ತಡೆದೀತು? ಕಣಗಿಲೆಯಂತೂ ಹತ್ತಿರವೂ ಬರಬಾರದು, ಅದು ಹೃದಯಕ್ಕೇ ವಿಷ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ), ಬಣ್ಣ ಅಥವಾ ಪಾಲಿಶ್ ಬಳಿದ ಮರವನ್ನೂ ಕೊಡುವುದಿಲ್ಲ. ಕಡಿಯುವಾಗ ಮರದ ಜೊತೆ ಅಂಟು, ಬಣ್ಣವೂ ಹೊಟ್ಟೆಗೆ ಹೋಗುತ್ತದೆ ಅಲ್ವಾ?

ಮರದ ಹೆಸರು ಗೊತ್ತಾದರೆ ಸಾಲದು. ಅದಕ್ಕೆ ಕೀಟನಾಶಕ ಹೊಡೆದಿದ್ದಾರಾ, ಅದು ರಸ್ತೆ ಹೊಗೆಗೆ ನಿಂತ ಮರವಾ ಅಂತಲೂ ಕೇಳುತ್ತೇನೆ. ಹೌದು ಅಂದರೆ ಬೇಡ. ಕಿರುಬೆರಳಿನಷ್ಟು ದಪ್ಪದ ಕೊಂಬೆ ಆರಿಸಿ, ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸುತ್ತೇನೆ. ಬರೀ ಬಿಸಿನೀರಿನಲ್ಲಿ ಬ್ರಷ್ ಹಾಕಿ ಉಜ್ಜುತ್ತೇನೆ, ಸೋಪು ಬಳಸುವುದಿಲ್ಲ. ಹುಳ, ಮೊಟ್ಟೆ ಇದ್ದರೆ ಸಾಯಲಿ ಅಂತ 100 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ ಇಡುತ್ತೇನೆ. ಆಗ ಪಕ್ಕದಲ್ಲೇ ಇರುತ್ತೇನೆ. ಪೂರ್ತಿ ತಣ್ಣಗಾದ ಮೇಲೆಯೇ ಒಳಗೆ. ಬೂಸ್ಟು ಕಂಡರೆ, ಉಚ್ಚೆಯಲ್ಲಿ ನೆನೆದಿದ್ದರೆ ಆಚೆಗೆ.

ತೊಗಟೆಯನ್ನು ಮಾತ್ರ ತೆಗೆಯುವುದಿಲ್ಲ. ಅವುಗಳ ಖುಷಿ ಇರುವುದೇ ಅಲ್ಲಿ. ಮೊದಲು ತೊಗಟೆಯನ್ನು ಎಳೆ ಎಳೆಯಾಗಿ ಸುಲಿಯುತ್ತವೆ. ಮಲ್ಲಿ ಆ ಎಳೆಗಳನ್ನು ಗೂಡಿಗೆ ಹೊತ್ತುಕೊಂಡು ಹೋಗಿ ಹಾಸಿಕೊಳ್ಳುತ್ತಾಳೆ. ವಿಲ್ಲೋ ಮೆತ್ತಗಿರುವುದರಿಂದ ಎರಡು ರಾತ್ರಿಗೆ ಬೋಳು. ಸೇಬಿನ ಕಡ್ಡಿ ಜಾಸ್ತಿ ದಿನ ಬರುತ್ತದೆ.

ಇಲಿಯ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತದೆ. ಮುಂಭಾಗದಲ್ಲಿ ಮಾತ್ರ ಎನಾಮೆಲ್ ಇರುವುದರಿಂದ ಹಿಂಭಾಗ ಬೇಗ ಸವೆದು ತುದಿ ಉಳಿಯಂತೆ ಚೂಪಾಗಿಯೇ ಇರುತ್ತದೆ. ಕಡ್ಡಿ ಕೊಟ್ಟರೆ ಹಲ್ಲಿನ ಚಿಂತೆ ಇಲ್ಲ ಅಂತ ನಾನೂ ನಂಬಿದ್ದೆ. ಆದರೆ ಮೇಲಿನ ಹಲ್ಲು, ಕೆಳಗಿನ ಹಲ್ಲು ಒಂದಕ್ಕೊಂದು ಉಜ್ಜಿಯೇ ಹೆಚ್ಚಾಗಿ ಸವೆಯುತ್ತವೆ. ನಮ್ಮ ಬೂದಿಗೆ ವಯಸ್ಸಾದಾಗ ಹಲ್ಲುಗಳ ಜೋಡಣೆ ತಪ್ಪಿತು. ಪಕ್ಕದಲ್ಲಿ ಕಡ್ಡಿ ಇದ್ದರೂ ಹಲ್ಲು ಬಾಗಿ ಬೆಳೆಯಿತು, ತಿನ್ನುವುದು ಕಡಿಮೆಯಾಯಿತು. ಪಶುವೈದ್ಯರು ಆಗಾಗ ಹಲ್ಲು ಕತ್ತರಿಸಿ ಸರಿಮಾಡುತ್ತಿದ್ದರು. ಅದಕ್ಕೇ ಈಗ ವಾರಕ್ಕೊಮ್ಮೆ ಮೂವರ ಬಾಯನ್ನೂ ನೋಡುತ್ತೇನೆ, ತೂಕವನ್ನೂ ಬರೆದಿಡುತ್ತೇನೆ. ಬೂದಿಗೆ ಈಗ ಗಟ್ಟಿ ಕಡ್ಡಿ ಕಡಿಯಲು ಆಗುವುದಿಲ್ಲ. ಅವಳಿಗಾಗಿ ವಿಲ್ಲೋ ತೊಗಟೆಯನ್ನು ನಾನೇ ಸುಲಿದು ಗೂಡಿನ ಬಾಗಿಲಲ್ಲಿ ಇಡುತ್ತೇನೆ.