ಫೈಬರ್‌ಗ್ಲಾಸ್ ಕೌಲಿಂಗ್ ಕೂರಿಸಿದ ನನ್ನ ಅನುಭವ

ನಾನೇ ಕಟ್ಟುತ್ತಿದ್ದ ಎರಡು ಆಸನಗಳ ವಿಮಾನಕ್ಕೆ ಕೌಲಿಂಗ್ (ಎಂಜಿನ್‌ನ ಹೊರಹೊದಿಕೆ) ಕೂರಿಸುವ ಕೆಲಸವನ್ನು, ಎಂಜಿನ್ ಮತ್ತು ಎಕ್ಸಾಸ್ಟ್ ಕೊಳವೆಗಳ ಜೋಡಣೆ ಮುಗಿದ ಮೇಲೆಯೇ ಕೈಗೆತ್ತಿಕೊಂಡೆ. ಅಚ್ಚಿನಿಂದ ಬಂದ ಮೇಲಿನ ಮತ್ತು ಕೆಳಗಿನ ಅರ್ಧಗಳ ಅಂಚುಗಳು ಬೇಕಾದುದಕ್ಕಿಂತ ಅಗಲವಾಗಿಯೇ ಇರುತ್ತವೆ; ಅವನ್ನು ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸುವುದರಲ್ಲಿಯೇ ನನ್ನ ಹೆಚ್ಚಿನ ಸಮಯ ಕಳೆಯಿತು.

ಸ್ಪಿನ್ನರ್ (ಪ್ರೊಪೆಲ್ಲರ್‌ನ ನಡುವಿನ ಶಂಕುವಿನಾಕಾರದ ಮುಚ್ಚಳ) ಮತ್ತು ಕೌಲಿಂಗ್ ನಡುವೆ 6 ಮಿ.ಮೀ. ಅಂತರ ಉಳಿಯಲೆಂದು, ಸ್ಪಿನ್ನರ್‌ನ ಹಿಂಬದಿಯ ತಟ್ಟೆಗೆ ಅಷ್ಟೇ ದಪ್ಪದ ಪ್ಲೈವುಡ್ ತುಂಡುಗಳನ್ನು ಅಂಟಿಸಿ, ಮೇಲಿನ ಅರ್ಧವನ್ನು ಅವುಗಳಿಗೆ ಒತ್ತಿ ನಿಲ್ಲಿಸಿದೆ. ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ನಿಂತಿರುವುದರಿಂದ, ಹಾರಾಟ ಆರಂಭವಾದ ಮೇಲೆ ರಬ್ಬರ್ ಕುಗ್ಗಿ ಎಂಜಿನ್ ತುಸು ಕೆಳಗಿಳಿಯುತ್ತದೆ. ಹೀಗಾಗಿ ಸ್ಪಿನ್ನರನ್ನು ಕೌಲಿಂಗ್‌ಗಿಂತ ಸುಮಾರು 2 ಮಿ.ಮೀ. ಎತ್ತರದಲ್ಲಿ ಬೇಕೆಂದೇ ಬಿಟ್ಟೆ.

ಹಿಂಬದಿಯಲ್ಲಿ ಫೈರ್‌ವಾಲ್‌ನ (ಎಂಜಿನ್ ಮತ್ತು ಒಡಲಿನ ನಡುವಿನ ಬೆಂಕಿ ತಡೆಯುವ ಗೋಡೆಯ) ಅಂಚು ಕೌಲಿಂಗ್‌ನ ಅಡಿಯಲ್ಲಿ ಮರೆಯಾಗುತ್ತದೆ. ಆದ್ದರಿಂದ ಮೊದಲೇ ಆ ಅಂಚಿನಿಂದ 50 ಮಿ.ಮೀ. ಹಿಂದೆ, ವಿಮಾನದ ಒಡಲಿಗೆ ಅಂಟಿಸಿದ ಟೇಪಿನ ಮೇಲೆ ಗೆರೆ ಎಳೆದಿಟ್ಟು, ಕೌಲಿಂಗ್ ಇಟ್ಟ ಬಳಿಕ ಅಲ್ಲಿಂದ ಮುಂದಕ್ಕೆ ಅಷ್ಟೇ ಅಳೆದು ಗುರುತು ಮಾಡಿಕೊಂಡೆ. ಗೆರೆಯಿಂದ 2 ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು ಉದ್ದನೆಯ ಮರದ ಪಟ್ಟಿಗೆ ಸುತ್ತಿದ ಮರಳುಕಾಗದದಿಂದ ಉಜ್ಜುತ್ತಾ ಬಂದೆ. ಎಡಗಡೆಯ ಕೆಳಮೂಲೆಯಲ್ಲಿ ಮಾತ್ರ ಆತುರಪಟ್ಟು ಗೆರೆಯ ಮೇಲೆಯೇ ಕತ್ತರಿಸಿದ್ದರಿಂದ 3 ಮಿ.ಮೀ. ಸಂದು ಉಳಿಯಿತು. ಒಡಲಿಗೆ ಪ್ಯಾಕಿಂಗ್ ಟೇಪ್ ಹಚ್ಚಿ, ಎಪಾಕ್ಸಿ ಅಂಟುರಾಳಕ್ಕೆ ಹತ್ತಿಯ ನಾರಿನ ಪುಡಿ ಬೆರೆಸಿ ತುಂಬಿ, ಒಳಗಿನಿಂದ ಗಾಜಿನ ಬಟ್ಟೆಯ ಎರಡು ಪದರ ಹೊದಿಸಿ ಆ ಅಂಚನ್ನು ಮತ್ತೆ ಬೆಳೆಸಿದೆ. ಕಳೆದ ಅಂಚನ್ನು ಹೀಗೆ ಮರಳಿ ಪಡೆಯಲು ಸಾಧ್ಯವಿರುವುದೇ ಈ ವಸ್ತುವಿನ ದೊಡ್ಡ ಗುಣವೆಂದು ನನಗನ್ನಿಸುತ್ತದೆ.

ಕೌಲಿಂಗನ್ನು ಹಿಡಿದಿಡುವ ಪಿಯಾನೊ ಹಿಂಜ್‌ಗೆ (ಪಟ್ಟಿಯಂತಹ ಉದ್ದನೆಯ ಕೀಲಿಗೆ) ರಂಧ್ರ ಕೊರೆಯುವುದು ಅಷ್ಟು ಕಷ್ಟವಾಗಲಿಲ್ಲ. ಬಣ್ಣ ಬಳಿಯದ ಫೈಬರ್‌ಗ್ಲಾಸ್‌ನ ಹಿಂದೆ ಪ್ರಖರವಾದ ದೀಪ ಹಿಡಿದರೆ ಹಿಂಜ್‌ನ ನೆರಳು ಹೊರಗೆ ಕಾಣುತ್ತದೆ.

ಮೇಲ್ಮೈಯ ಸೂಜಿರಂಧ್ರಗಳು ಮಾತ್ರ ನನ್ನನ್ನು ಬಹಳ ಕಾಡಿದವು. ಪ್ರೈಮರ್ ಬಳಿಯುವವರೆಗೆ ಕಣ್ಣಿಗೆ ಬೀಳದಿದ್ದ ಅವು, ಬಳಿದ ಕೂಡಲೇ ನೂರಾರು ಸಂಖ್ಯೆಯಲ್ಲಿ ಎದ್ದು ಕಂಡವು. ಪ್ರೈಮರನ್ನು ದಪ್ಪವಾಗಿ ಬಳಿದು ಮುಚ್ಚಲು ಹೋದದ್ದು ವ್ಯರ್ಥವಾಯಿತು, ತೂಕವೂ ಹೆಚ್ಚಿತು. ಎಲ್ಲವನ್ನೂ ಉಜ್ಜಿ ತೆಗೆದು, ಕೌಲಿಂಗನ್ನು ಹದವಾಗಿ ಬೆಚ್ಚಗೆ ಮಾಡಿ, ಅದು ತಣಿಯುತ್ತಿರುವಾಗ ತೆಳುವಾದ ಎಪಾಕ್ಸಿಯನ್ನು ರಬ್ಬರ್ ಪಟ್ಟಿಯಿಂದ ಒತ್ತಿ ಎಳೆದೆ. ಬಿಸಿಯಾಗುತ್ತಿರುವ ಮೇಲ್ಮೈಯಲ್ಲಿ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ತಣಿಯುವಾಗ ಅದೇ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಗೆಳೆದುಕೊಳ್ಳುತ್ತದೆ. ಇಂತಹ ಎರಡು ಸುತ್ತುಗಳಾದ ಮೇಲೆ, ಉಳಿದ ತಗ್ಗುಗಳಿಗೆ ಮೈಕ್ರೋಬಲೂನ್ (ಟೊಳ್ಳಾದ ಸೂಕ್ಷ್ಮ ಗೋಲಿಗಳ ಹಗುರ ಪುಡಿ) ಬೆರೆಸಿದ ಎಪಾಕ್ಸಿ ತುಂಬಿ, 80ನೇ ನಂಬರಿನಿಂದ 320ನೇ ನಂಬರಿನವರೆಗಿನ ಮರಳುಕಾಗದಗಳಿಂದ ಉಜ್ಜಿದೆ. ಗಾಜಿನ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ರೆಸ್ಪಿರೇಟರ್ ಇಲ್ಲದೆ ಒಮ್ಮೆಯೂ ಉಜ್ಜಲಿಲ್ಲ.

ಎಣ್ಣೆ ಹೀರದಂತೆ ಒಳಮೈಗೂ ಎಪಾಕ್ಸಿ ಬಳಿದು, ಎಕ್ಸಾಸ್ಟ್ ಬಳಿಯ ಭಾಗಕ್ಕೆ ಶಾಖ ಪ್ರತಿಫಲಿಸುವ ಅಲ್ಯೂಮಿನಿಯಂ ಹಾಳೆ ಅಂಟಿಸಿದೆ. ಎಂಜಿನ್ ಶುರುವಾಗುವಾಗ ಮತ್ತು ನಿಲ್ಲುವಾಗ ಜೋರಾಗಿ ಅಲುಗುವುದರಿಂದ ಎಲ್ಲೆಡೆ ಕನಿಷ್ಠ 12 ಮಿ.ಮೀ. ತೆರವು ಬಿಟ್ಟಿದ್ದೆನೆಂದು ನಂಬಿದ್ದೆ. ಆದರೆ ಮೊದಲ ಹಾರಾಟಗಳ ನಂತರ ಬಿಚ್ಚಿ ನೋಡಿದಾಗ, ಕೆಳಗಿನ ಅರ್ಧದ ಒಳಗೆ ಒಂದು ಕ್ಲ್ಯಾಂಪ್‌ನ ತುದಿ ಉಜ್ಜಿದ ಗುರುತಿತ್ತು. ಆ ಕ್ಲ್ಯಾಂಪನ್ನು ತಿರುಗಿಸಿ ಕೂರಿಸಿ, ಉಜ್ಜಿದ ಜಾಗಕ್ಕೆ ಒಂದು ಪದರ ಗಾಜಿನ ಬಟ್ಟೆ ಹಾಕಿದೆ.