"ಜಾರಿ ಬಿದ್ದೆ" ಅಂದಮೇಲೆ ನಾನು ಕೇಳುವ ಪ್ರಶ್ನೆ

ನಾನು ಫಿಸಿಯೋಥೆರಪಿಸ್ಟ್. 16 ವರ್ಷದಿಂದ ವಯಸ್ಸಾದವರ ಮನೆಗಳಿಗೇ ಹೋಗಿ ಕೆಲಸ ಮಾಡುತ್ತಿದ್ದೇನೆ. ನನ್ನನ್ನು ಕರೆಸುವುದು ಹೆಚ್ಚಾಗಿ ಯಾರೋ ಒಂದು ಸಲ ಬಿದ್ದು ಎದ್ದಮೇಲೆ. ಬೀಳುವುದಕ್ಕೆ ಮುಂಚೆ ಯಾರೂ ಕರೆಯುವುದಿಲ್ಲ, ಅದಿರಲಿ. ಬಾಗಿಲು ತೆಗೆದ ಕೂಡಲೇ ಮನೆಯವರು ಹೇಳುವ ಮಾತು ಒಂದೇ: "ಏನಿಲ್ಲ, ಬಾತ್‌ರೂಮಿನಲ್ಲಿ ಜಾರಿ ಬಿದ್ದುಬಿಟ್ರು."

ಈ ಮಾತನ್ನು ಮೊದಮೊದಲು ನಾನೂ ಹಾಗೇ ನಂಬುತ್ತಿದ್ದೆ. ನಂಬಿ ಒಮ್ಮೆ ಸರಿಯಾಗಿ ಪೆಟ್ಟು ತಿಂದೆ. ಪೆಟ್ಟು ಬಿದ್ದದ್ದು ನನಗಲ್ಲ, ಪಾಪ, ಒಬ್ಬ ಅಮ್ಮನಿಗೆ.

ಅವರಿಗೆ ಆಗ 78. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿನ ಬಾಗಿಲಲ್ಲಿ ಬಿದ್ದು ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ತೆಗೆದಮೇಲೆ ನನ್ನನ್ನು ಕರೆಸಿದರು. ನಾನು ಹುರುಪಿನಿಂದ ಮನೆಯೆಲ್ಲ ಸುತ್ತಿದೆ. ಕಮೋಡಿನ ಪಕ್ಕ ಗೋಡೆಗೆ ಹಿಡಿ ಹಾಕಿಸಿದೆ. ಜಾರದ ಮ್ಯಾಟ್ ಹಾಸಿಸಿದೆ. ಹಾಸಿಗೆಯಿಂದ ಬಾಗಿಲವರೆಗೂ ಬೆಳಕು ಬೀಳುವ ಹಾಗೆ ಚಿಕ್ಕ ದೀಪ ಇಡಿಸಿದೆ. ದಾರಿಯಲ್ಲಿ ಸುರುಳಿ ಏಳುತ್ತಿದ್ದ ಕಾಲೊರಸನ್ನು ತೆಗೆಸಿದೆ. ಎಲ್ಲವೂ ಮಾಡಬೇಕಾದ ಕೆಲಸಗಳೇ. ಐದು ವಾರಕ್ಕೆ ಅವರ ಮಗನ ಫೋನ್ ಬಂತು. ಅಮ್ಮ ಮತ್ತೆ ಬಿದ್ದಿದ್ದರು. ಹಗಲು ಹೊತ್ತು, ಹಾಲ್‌ನಲ್ಲಿ, ಒಣಗಿದ ನೆಲದ ಮೇಲೆ.

ಅವತ್ತು ಅವರ ಪಕ್ಕದಲ್ಲಿ ಕೂತು ಮೊದಲಿಂದ ಕೇಳಿದೆ. "ಬೀಳೋದಕ್ಕೆ ಒಂದು ನಿಮಿಷ ಮುಂಚೆ ಏನು ಮಾಡ್ತಿದ್ರಿ ಅಮ್ಮ?"

"ಟಿವಿ ನೋಡ್ತಾ ಕೂತಿದ್ದೆ. ಒಂದು ಗಂಟೆ ಆಗಿತ್ತೇನೋ. ಒಳಗೆ ಫೋನ್ ಹೊಡ್ಕೊಳ್ತು, ಎದ್ದೆ."

"ಎದ್ದಮೇಲೆ?"

"ಮೂರು ನಾಲ್ಕು ಹೆಜ್ಜೆ ಇಟ್ಟೆ. ಕಣ್ಣು ಮಂಜಾದ ಹಾಗಾಯ್ತು. ನೋಡಿದ್ರೆ ನೆಲದ ಮೇಲಿದ್ದೆ."

"ಅವತ್ತು ರಾತ್ರಿ?"

"ಅವತ್ತೂ ಹಾಗೇ ಕಣಮ್ಮ. ಎಚ್ಚರ ಆಯ್ತು, ಅರ್ಜೆಂಟ್ ಆಗಿತ್ತು, ಎದ್ದವಳೇ ಹೊರಟೆ."

"ಜಾರಿದೆ ಅಂದಿದ್ರಲ್ಲ?"

"ನೆಲ ಒದ್ದೆ ಇತ್ತಲ್ಲ, ಜಾರಿರಬೇಕು ಅಂತ ಇವರೇ ಅಂದ್ರು. ನಾನೂ ಹೂಂ ಅಂದೆ."

ಆ "ಹೂಂ" ಇವತ್ತಿಗೂ ಕಿವಿಯಲ್ಲಿದೆ. ಕಣ್ಣು ಕತ್ತಲೆ ಬಂತು ಅಂದರೆ ಕಾಯಿಲೆ. ಜಾರಿದೆ ಅಂದರೆ ನೆಲದ ತಪ್ಪು. ಯಾರಿಗಾದರೂ ಎರಡನೆಯದೇ ಹಿತ ಅಲ್ವಾ?

ಆವತ್ತೇ ಬಿಪಿ ನೋಡಿದೆ. ಕೂರಿಸಿ ಅಲ್ಲ, ಮಲಗಿಸಿ. ಐದು ನಿಮಿಷ ಸುಮ್ನೆ ಮಲಗಿದ್ದಾಗ 146/82 ಇತ್ತು. ಎದ್ದು ನಿಂತು ಒಂದು ನಿಮಿಷಕ್ಕೆ 118/70. ಮೂರು ನಿಮಿಷಕ್ಕೂ ಹೆಚ್ಚೇನೂ ಮೇಲೆ ಬರಲಿಲ್ಲ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅಷ್ಟು ದಿನ ಅವರ ಬಿಪಿ ನೋಡಿದವರೆಲ್ಲ ಕುರ್ಚಿಯಲ್ಲಿ ಕೂರಿಸಿಯೇ ನೋಡಿದ್ದರು. ಅಲ್ಲಿ ಅದು ಚೆನ್ನಾಗಿಯೇ ಇರುತ್ತಿತ್ತು.

ಮಾತ್ರೆಗಳ ಡಬ್ಬಿ ತರಿಸಿದೆ. ಬಿಪಿಗೆ ಎರಡು ಮಾತ್ರೆ, ಜೊತೆಗೆ ನಿದ್ದೆಗೆ ಒಂದು. ನಿದ್ದೆ ಮಾತ್ರೆ ಹಿಂದೆ ಯಾವಾಗಲೋ ಹದಿನೈದು ದಿನಕ್ಕೆಂದು ಶುರುವಾಗಿ ಹಾಗೇ ಉಳಿದುಕೊಂಡಿತ್ತು. ಇಂಥದ್ದು ನನಗೆ ತುಂಬ ಮನೆಗಳಲ್ಲಿ ಸಿಗುತ್ತದೆ. ನಿದ್ದೆ ಮಾತ್ರೆ, ಖಿನ್ನತೆಯ ಮಾತ್ರೆ, ಬಿಪಿ ಮಾತ್ರೆ, ಜಾಸ್ತಿ ಮೂತ್ರ ಹೋಗಿಸುವ ಮಾತ್ರೆ, ಈ ನಾಲ್ಕು ಜಾತಿ ಕಂಡರೆ ನಾನು ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕಳಿಸುತ್ತೇನೆ. ಮಾತ್ರೆ ನಿಲ್ಲಿಸುವುದು ನನ್ನ ಕೆಲಸವಲ್ಲ, ಮನೆಯವರ ಕೆಲಸವಂತೂ ಅಲ್ಲವೇ ಅಲ್ಲ. ನಿದ್ದೆ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಬೇರೆಯೇ ತೊಂದರೆ ಶುರುವಾಗುತ್ತದೆ. ಇವರ ಡಾಕ್ಟರು ಬಿಪಿ ಮಾತ್ರೆ ಒಂದರ ಡೋಸ್ ಇಳಿಸಿದರು. ನಿದ್ದೆ ಮಾತ್ರೆಯನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿದರು.

ನಾನು ಕಲಿಸಿದ್ದು ಏಳುವ ಕ್ರಮ. ಎದ್ದು ಹಾಸಿಗೆಯ ಅಂಚಿನಲ್ಲಿ ಕೂರಬೇಕು. ಪಾದವನ್ನು ಮೇಲೆ ಕೆಳಗೆ 20 ಸಲ ಆಡಿಸಬೇಕು. ಹಾಗೆ ಮಾಡಿದಾಗ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಆಮೇಲೆ ಏನನ್ನಾದರೂ ಹಿಡಿದು ನಿಲ್ಲಬೇಕು. ಹತ್ತು ಎಣಿಸಬೇಕು. ತಲೆ ಹಗುರಾದ ಹಾಗೆ ಅನಿಸಿದರೆ ಮತ್ತೆ ಕೂತುಬಿಡಬೇಕು. ಫೋನ್ ಹೊಡೆದುಕೊಳ್ಳುತ್ತಿರಲಿ. ಬೇಕಾದವರು ಇನ್ನೊಂದು ಸಲ ಮಾಡುತ್ತಾರೆ.

ಅಂದಿನಿಂದ ಯಾವ ಮನೆಗೆ ಹೋದರೂ ಹಿಡಿ, ಮ್ಯಾಟ್‌ಗಳ ಮಾತು ಆಮೇಲೆ. ಮೊದಲು ಆ ಒಂದು ನಿಮಿಷದ ಕಥೆ. ಎಲ್ಲಿ ಬಿದ್ದಿರಿ ಅನ್ನುವುದಕ್ಕಿಂತ ಆಗ ಏನು ಮಾಡುತ್ತಿದ್ದಿರಿ ಅನ್ನುವುದು ನನಗೆ ಮುಖ್ಯ. ಏಳುತ್ತಿದ್ರಾ? ತಿರುಗುತ್ತಿದ್ರಾ? ಕೈಯಲ್ಲಿ ಏನಿತ್ತು? ಯಾರಾದರೂ ಮಾತಾಡಿಸಿದ್ರಾ? ಒಬ್ಬರು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗೆಲ್ಲ ಕೋಣೆ ಗಿರ್ರನೆ ತಿರುಗುತ್ತೆ ಅಂದರು. ಅದು ಒಳಗಿವಿಯ ತೊಂದರೆ ಅಂತ ಗೊತ್ತಾಯಿತು. ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸುವ ಚಿಕಿತ್ಸೆಯಿಂದ ಎರಡೇ ಭೇಟಿಗೆ ಸರಿಹೋಯಿತು. ಇನ್ನೊಬ್ಬರು ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿದ್ದರು. ಅವರದು ಓದುವುದಕ್ಕೂ ದೂರಕ್ಕೂ ಒಂದೇ ಕನ್ನಡಕ. ಕೆಳಗೆ ನೋಡಿದರೆ ಓದುವ ಭಾಗದಲ್ಲಿ ಮೆಟ್ಟಿಲಿನ ಅಂಚು ಮಸುಕು. ಓಡಾಡಲು ದೂರದ್ದೇ ಬೇರೆ ಕನ್ನಡಕ ಮಾಡಿಸಿಕೊಂಡರು.

ಇನ್ನೊಂದು ಸಂಗತಿ ನಡೆಯುವಾಗಲೇ ಸಿಗುತ್ತದೆ. ಅವರ ಜೊತೆ ಹೆಜ್ಜೆ ಹಾಕುತ್ತಾ ಸುಮ್ನೆ ಏನೋ ಕೇಳುತ್ತೇನೆ. ಕೆಲವರು ನಡೆಯುತ್ತಲೇ ಉತ್ತರ ಕೊಡುತ್ತಾರೆ. ಕೆಲವರು ನಿಂತು ಉತ್ತರ ಕೊಟ್ಟು ಮತ್ತೆ ನಡೆಯುತ್ತಾರೆ. ಹೀಗೆ ನಿಲ್ಲುವವರು ಜಾಸ್ತಿ ಬೀಳುತ್ತಾರೆ ಅಂತ 1997ರಲ್ಲೇ ಸ್ವೀಡನ್ನಿನ ಸಂಶೋಧಕರು ಬರೆದಿದ್ದರು. ನಡಿಗೆಗೇ ಅವರ ಗಮನವೆಲ್ಲ ಬೇಕಾಗಿರುತ್ತದೆ. ಅಂಥವರನ್ನು ನಡೆಯುವಾಗ ಹಿಂದಿನಿಂದ ಕೂಗಬೇಡಿ ಅಂತ ಮನೆಯವರಿಗೆ ಹೇಳುತ್ತೇನೆ.

ಗಡಿಯಾರ ಹಿಡಿದು ನೋಡುವುದೂ ಉಂಟು. ಕುರ್ಚಿಯಿಂದ ಏಳಬೇಕು, ಮೂರು ಮೀಟರ್ ನಡೆದು ತಿರುಗಿ ಬಂದು ಕೂರಬೇಕು. 12 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕೆಲಸ ಇದೆ ಅಂತರ್ಥ. ನನಗೆ ಸೆಕೆಂಡಿಗಿಂತ ಆ ತಿರುಗುವ ಜಾಗ ಮುಖ್ಯ. ಗಟ್ಟಿಗರು ಎರಡು ಮೂರು ಹೆಜ್ಜೆಯಲ್ಲಿ ತಿರುಗುತ್ತಾರೆ. ಬೀಳುವವರು ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಗೋಡೆ ಹುಡುಕುತ್ತಾರೆ.

ಈಗ ಮನೆಯವರ ವಿಷಯ. ಒಂದು ಸಲ ಬಿದ್ದರೆ ಸಾಕು, "ನೀವು ಏಳಬೇಡಿ, ನಾನೇ ತರ್ತೀನಿ" ಶುರುವಾಗುತ್ತದೆ. ನೀರು ಕೂತಲ್ಲಿಗೆ ಬರುತ್ತದೆ, ತಟ್ಟೆ ಕೂತಲ್ಲಿಗೆ ಬರುತ್ತದೆ. ಬಿದ್ದವರಿಗೂ ಒಳಗೊಳಗೆ ಭಯ, ಹಾಗಾಗಿ ಬೇಡ ಅನ್ನುವುದಿಲ್ಲ. ಎರಡು ಮೂರು ವಾರದಲ್ಲಿ ತೊಡೆ ಸೊರಗುತ್ತದೆ. ಆಮೇಲೆ ರಾತ್ರಿ ಒಬ್ಬರೇ ಏಳಲೇಬೇಕಾದಾಗ ಆ ಕಾಲು ಎಲ್ಲಿ ತಡೆಯುತ್ತದೆ? ನಾನು ಜಗಳ ಆಡಿದ್ದು ಬಿದ್ದವರ ಜೊತೆಗಲ್ಲ, ಹೆಚ್ಚಾಗಿ ಇಂಥ ಮಕ್ಕಳು, ಸೊಸೆಯಂದಿರ ಜೊತೆಗೇ.

ವ್ಯಾಯಾಮದಲ್ಲಿ ನಾನು ಹೊಸದೇನೂ ಕಂಡುಹಿಡಿದಿಲ್ಲ. ನ್ಯೂಜಿಲೆಂಡಿನ ಒಟಾಗೊದಲ್ಲಿ 1990ರ ದಶಕದಲ್ಲಿ ಒಂದು ಕ್ರಮ ರೂಪಿಸಿದರು. 80 ದಾಟಿದ ಹೆಂಗಸರ ಮೇಲೂ ಅದನ್ನು ಪರೀಕ್ಷೆ ಮಾಡಿ, ಬೀಳುವುದು ಕಡಿಮೆಯಾಗುತ್ತದೆ ಅಂತ ತೋರಿಸಿದರು. ವಾರಕ್ಕೆ ಮೂರು ದಿನ ಅರ್ಧ ಗಂಟೆ ಕಾಲಿನ ಬಲಕ್ಕೂ ಸಮತೋಲನಕ್ಕೂ ವ್ಯಾಯಾಮ, ಬೇರೆ ಎರಡು ದಿನ ನಡಿಗೆ. ನಾನು ಅದನ್ನೇ ಆ ಆ ಮನೆಗೆ ತಕ್ಕ ಹಾಗೆ ಕತ್ತರಿಸಿ ಹೊಲಿಯುತ್ತೇನೆ.

ಆ ಅಮ್ಮನಿಗೆ ಮೊದಲ ದಿನ ಕೊಟ್ಟಿದ್ದು ಒಂದೇ: ಕುರ್ಚಿಯಿಂದ ಏಳುವುದು, ಕೂರುವುದು. ಐದು ಸಲ. ಕೈ ಊರಿಯೇ ಎದ್ದರು. ಕೂರುವಾಗ ದೊಪ್ಪನೆ ಬೀಳುತ್ತಿದ್ದರು. "ಕುರ್ಚಿ ಮೇಲೆ ಮೊಟ್ಟೆ ಇದೆ ಅಂದ್ಕೊಂಡು ಕೂತ್ಕೊಳ್ಳಿ" ಅಂದೆ. ನಕ್ಕರು, ಆದರೆ ನಿಧಾನಕ್ಕೆ ಕೂತರು. ಮೂರನೇ ವಾರಕ್ಕೆ ಒಂದೇ ಕೈ, ಆರನೇ ವಾರಕ್ಕೆ ಎರಡೂ ಕೈ ಎದೆಯ ಮೇಲೆ. ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಬೆರಳು ಎತ್ತುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು ಒಂದೊಂದಾಗಿ ಸೇರಿದವು. ಕಾಲಿಗೆ ಅರ್ಧ ಕಿಲೋ ತೂಕ ಕಟ್ಟಿದ್ದು ಆಮೇಲೆ.

ಸಮತೋಲನದ ವ್ಯಾಯಾಮ ಸ್ವಲ್ಪ ಅಲುಗಾಡಿಸಲೇಬೇಕು. ಅಲುಗಾಡದಿದ್ದರೆ ದೇಹ ಏನೂ ಕಲಿಯುವುದಿಲ್ಲ. ಕುರ್ಚಿಯಲ್ಲಿ ಕೂತು ಕೈಕಾಲು ಆಡಿಸಿದರೆ ಮೈ ಹಗುರಾಗಬಹುದು, ಬೀಳುವುದು ನಿಲ್ಲುವುದಿಲ್ಲ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ 10 ಸೆಕೆಂಡ್ ನಿಲ್ಲಬೇಕು. ಆಮೇಲೆ ಹಾಗೇ ಒಂದು ಗೆರೆಯ ಮೇಲೆ ನಡೆಯಬೇಕು. ಮುಂದೆ ಗಟ್ಟಿ ಕಟ್ಟೆ, ಹಿಂದೆ ಕುರ್ಚಿ, ಪಕ್ಕದಲ್ಲಿ ನಾನು. ಆಸರೆ ಹತ್ತಿರ ಇರಬೇಕು, ಆದರೆ ಸದಾ ಹಿಡಿದುಕೊಂಡಿರಬಾರದು.

ಕೊನೆಗೆ ನೆಲದಿಂದ ಏಳುವುದು. ಇದನ್ನು ಕಲಿಸುತ್ತೇನೆ ಅಂದಾಗ ಮಗನಿಗೆ ಸಿಟ್ಟೇ ಬಂತು. "ಬೀಳಬಾರದು ಅಂತ ನಿಮ್ಮನ್ನ ಕರೆಸಿದ್ರೆ ಬೀಳೋದನ್ನೇ ಕಲಿಸ್ತೀರಲ್ಲ?" ಆದರೆ ಒಂಟಿಯಾಗಿದ್ದಾಗ ಬಿದ್ದು ಗಂಟೆಗಟ್ಟಲೆ ನೆಲದ ಮೇಲೇ ಉಳಿದರೆ ಆಗುವ ಹಾನಿ ಬಿದ್ದ ಪೆಟ್ಟಿಗಿಂತ ಕೆಟ್ಟದಾಗಬಹುದು. ಮೈ ಒತ್ತಿ ಹುಣ್ಣಾಗುತ್ತದೆ, ನೀರಿಲ್ಲದೆ ಒಣಗುತ್ತದೆ, ಮೂತ್ರಪಿಂಡಕ್ಕೂ ಏಟು ಬೀಳಬಹುದು.

ಬಿದ್ದ ಕೂಡಲೇ ಏಳಲು ಹೋಗಬಾರದು. ಮೊದಲು ಉಸಿರು ಸಮಾಧಾನ ಆಗಲಿ. ಸೊಂಟ, ತೊಡೆಸಂದು ಜೋರಾಗಿ ನೋಯುತ್ತಿದ್ದರೆ, ಕಾಲು ಎತ್ತಲಾಗದಿದ್ದರೆ ಅಲ್ಲೇ ಇದ್ದು ಕೂಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಆರಾಮಾಗಿದ್ದೀನಿ ಅಂದರೂ ಆಸ್ಪತ್ರೆಗೆ ಹೋಗಲೇಬೇಕು. ಏನೂ ಆಗಿಲ್ಲ ಅಂದರೆ ಮಾತ್ರ ಮಗ್ಗುಲಾಗಿ ಹೊರಳಿ, ಮೊಣಕೈ ಊರಿ, ಮಂಡಿ ಮತ್ತು ಅಂಗೈ ಮೇಲೆ ಬಂದು, ಅಂಬೆಗಾಲಲ್ಲಿ ಗಟ್ಟಿ ಕುರ್ಚಿಯ ಹತ್ತಿರ ಹೋಗಬೇಕು. ಎರಡೂ ಕೈ ಕುರ್ಚಿಯ ಮೇಲಿಟ್ಟು, ಬಲ ಇರುವ ಕಾಲಿನ ಪಾದವನ್ನು ಮುಂದೆ ಊರಿ, ಒತ್ತಿ ಎದ್ದು, ತಿರುಗಿ ಕೂರಬೇಕು. ದಪ್ಪ ಹಾಸಿಗೆ ಹಾಸಿ ಇದನ್ನು ನಾಲ್ಕು ದಿನ ಮಾಡಿದೆವು. ಮಂಡಿಯ ಕೆಳಗೆ ದಿಂಬು. ನಾಲ್ಕನೇ ದಿನ ಅವರು ನನ್ನ ಕೈ ಹಿಡಿಯದೆ ಎದ್ದು ಕೂತರು. ಭಯಕ್ಕೆ ಇಷ್ಟು ಬೇಗ ನಾಟುವ ಮದ್ದನ್ನು ನಾನು ಬೇರೆ ನೋಡಿಲ್ಲ.

ಒಂದು ಕ್ಯಾಲೆಂಡರ್ ಗೋಡೆಗೆ ಹಾಕಿಸಿದ್ದೆ. ಬಿದ್ದರೆ ಕೆಂಪು ಗುರುತು, ಎಡವಿ ಸಾವರಿಸಿಕೊಂಡರೆ ನೀಲಿ. ಜನ ಕೆಂಪನ್ನು ಮರೆಯುವುದಿಲ್ಲ, ನೀಲಿಯನ್ನು ಮರೆಯುತ್ತಾರೆ. ನನಗೆ ಬೇಕಾಗಿರುವುದು ನೀಲಿಯೇ. ಅವರದರಲ್ಲಿ ಹದಿನಾಲ್ಕು ತಿಂಗಳು ಒಂದೂ ಕೆಂಪಿರಲಿಲ್ಲ.

ಮೊನ್ನೆ ಅವರೇ ಫೋನ್ ಮಾಡಿದರು. "ಕೆಂಪು ಹಾಕಿದೀನಿ ಕಣಮ್ಮ."

ನನ್ನ ಎದೆ ಧಸಕ್ಕೆಂದಿತು. ಬಾಯಿ ತೆರೆಯುವ ಮೊದಲೇ ಅವರು ಮುಂದುವರಿಸಿದರು.

"ನೀನು ಕೇಳೋದಕ್ಕೆ ಮುಂಚೆ ನಾನೇ ಹೇಳ್ತೀನಿ, ಕೇಳು. ಒಗೆದ ಬೆಡ್‌ಶೀಟ್ ಎರಡೂ ಕೈಯಲ್ಲಿ ಎತ್ಕೊಂಡು ಬರ್ತಿದ್ದೆ. ತಲೆ ಸುತ್ತಿಲ್ಲ, ಕಣ್ಣು ಮಂಜಾಗಿಲ್ಲ. ಶೀಟಿನ ತುದಿ ಕಾಲಡಿ ಸಿಕ್ಕಿತು. ಕುರ್ಚಿ ಹತ್ರ ಹೋಗಿ ನಾನೇ ಎದ್ದೆ. ಈ ಸಲ ನಿಜವಾಗ್ಲೂ ಎಡವಿದ್ದು!"